ಹಳೆಯ ಜಾವಾ ಗಾಡಿಯ ಚರಿತ್ರೆಯೂ ಹೊಸ ಸವಾರನ ಪರೀಕ್ಷೆಯೂ

ಚರಿತ್ರೆಯನ್ನು ಬರೆಯುವವರು ಶಾಸನ, ನಾಣ್ಯ, ಕಡತ ಮೊದಲಾದುವನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಅವುಗಳಲ್ಲಿ ಲೇಖವಿರುವುದರಿಂದ ಕಾಲವನ್ನೂ ಕರ್ತೃವನ್ನೂ ನಿರ್ಣಯಿಸುವುದು ಸುಲಭ. ಆದರೆ ಜನರ ಕೈಯಲ್ಲಿ ಸವೆದು ಮುಂದಿನವರ ಕೈಗೆ ಸೇರಿದ ಉಪಕರಣಗಳೂ ತಮ್ಮ ಚರಿತ್ರೆಯನ್ನು ತಮ್ಮ ಮೈಮೇಲೆಯೇ ಹೊತ್ತಿರುತ್ತವೆ. ಮೈಸೂರಿನಲ್ಲಿ ತಯಾರಾಗಿ, ತಯಾರಿಸಿದ ಕಾರ್ಖಾನೆಯು ಮುಚ್ಚಿ ದಶಕಗಳೇ ಕಳೆದರೂ ಇಂದಿಗೂ ಬೀದಿಗಳಲ್ಲಿ ಓಡುತ್ತಿರುವ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳು ಇದಕ್ಕೆ ಒಳ್ಳೆಯ ನಿದರ್ಶನ. ಇಂತಹ ಗಾಡಿಯೊಂದನ್ನು ಮನೆಯ ಹಿರಿಯರಿಂದಲಾಗಲಿ, ಪರರಿಂದ ಕ್ರಯಕ್ಕಾಗಲಿ ಪಡೆಯುವ ಹೊಸ ಸವಾರನು ಅದರ ಚರಿತ್ರೆಯನ್ನು ಅರಿಯದೆ ಅದನ್ನು ಪರೀಕ್ಷಿಸಲಾರನು. ಏಕೆಂದರೆ ಅದರ ಒಂದೊಂದು ದೋಷವೂ ಮೊದಲ ರಚನೆಯಿಂದ ಬಂದುದು, ಇಲ್ಲವೆ ಹಿಂದಿನ ಒಡೆಯನ ಅಭ್ಯಾಸದಿಂದ ಬಂದುದು. ಈ ಎರಡನ್ನೂ ಬೇರ್ಪಡಿಸಿ ತಿಳಿಯುವುದೇ ಪರೀಕ್ಷೆಯ ಸಾರ.

ಜಾವಾ ಎಂಬ ಹೆಸರನ್ನು ಕೇಳಿದವರು ಅದು ಪೂರ್ವಸಮುದ್ರದ ದ್ವೀಪಕ್ಕೆ ಸಂಬಂಧಿಸಿದುದೆಂದು ಎಣಿಸುವುದುಂಟು. ವಾಸ್ತವವು ಬೇರೆ. ಅದರ ಜನ್ಮಸ್ಥಾನವು ಮಧ್ಯ ಯೂರೋಪಿನ ಪ್ರಾಗ್ ನಗರ. ಅಲ್ಲಿ ಆಯುಧಗಳ ತಯಾರಿಕೆಯಲ್ಲಿ ತೊಡಗಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಇಂಜಿನಿಯರು, ಜರ್ಮನಿಯ ವಾಂಡರರ್ ಸಂಸ್ಥೆಯವರು ರೂಪಿಸಿದ್ದ 500 ಸಿ.ಸಿ. ಮೋಟಾರು ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡು, 1929ರಲ್ಲಿ ತಮ್ಮ ಮೊದಲನೆಯ ಗಾಡಿಯನ್ನು ಹೊರತಂದರು. ರೋಮನ್ ಲಿಪಿಯಲ್ಲಿ ಯಾನೆಚೆಕ್ ಎಂಬುದರ ಮೊದಲ ಎರಡಕ್ಷರಗಳನ್ನೂ ವಾಂಡರರ್ ಎಂಬುದರ ಮೊದಲ ಎರಡಕ್ಷರಗಳನ್ನೂ ಕೂಡಿಸಿದುದರಿಂದ ಈ ಹೆಸರು ಹುಟ್ಟಿತು. ಆ ದೇಶದವರು ಇದನ್ನು ಯಾವಾ ಎಂದು ಉಚ್ಚರಿಸುವರು. ಭಾರತದಲ್ಲಿ ಅದು ಜಾವಾ ಆಯಿತು.

ಮೊದಲನೆಯ ಗಾಡಿಯು ತೂಕದಲ್ಲಿಯೂ ಬೆಲೆಯಲ್ಲಿಯೂ ಭಾರವಾಗಿತ್ತು. ಸಾಮಾನ್ಯರು ಅದನ್ನು ಕೊಳ್ಳಲಾರದವರಾದರು. ಇದನ್ನು ಕಂಡುಕೊಂಡ ಯಾನೆಚೆಕ್ ಅವರು 1932ರಲ್ಲಿ ಇಂಗ್ಲೆಂಡಿನ ವಿಲ್ಲಿಯರ್ಸ್ ಮಾದರಿಯ ಎಂಜಿನ್ನುಳ್ಳ 175 ಸಿ.ಸಿ.ಯ ಹಗುರವಾದ ಗಾಡಿಯನ್ನು ತಯಾರಿಸಲು, ಅದು ಜನರಿಗೆ ಮೆಚ್ಚಿಗೆಯಾಯಿತು. ಆ ಎಂಜಿನ್ನು ಟು ಸ್ಟ್ರೋಕ್ ವರ್ಗಕ್ಕೆ ಸೇರಿದುದು. ಕವಾಟಗಳ ತೊಡಕಿಲ್ಲದೆ, ಬಿಡಿಭಾಗಗಳು ಕಡಿಮೆಯಾಗಿ, ಸಾಮಾನ್ಯ ಉಪಕರಣಗಳಿಂದಲೇ ಬಿಚ್ಚಿ ಜೋಡಿಸತಕ್ಕಂತಹುದು. ಯಾನೆಚೆಕ್ ಅವರು 1941ರಲ್ಲಿ ತೀರಿಕೊಂಡರು. ದೇಶವು ಜರ್ಮನರ ವಶದಲ್ಲಿದ್ದಾಗಲೇ ಅಲ್ಲಿಯ ಇಂಜಿನಿಯರುಗಳು ಗೋಪ್ಯವಾಗಿ ರೂಪಿಸಿದ್ದ 250 ಸಿ.ಸಿ. ಗಾಡಿಯು ಯುದ್ಧವು ಮುಗಿದ ಮೇಲೆ 1946ರಲ್ಲಿ ಲೋಕಕ್ಕೆ ಕಾಣಿಸಿಕೊಂಡಿತು. ಅದರ ಸುಧಾರಿತ ರೂಪವಾಗಿ 1954ರಲ್ಲಿ ಬಂದುದೇ 353 ಎಂಬ ಸಂಖ್ಯೆಯ ಮಾದರಿ. ಮೈಸೂರಿನ ಜಾವಾಗಳಿಗೆ ಮೂಲಪುರುಷನು ಇದೇ.

ಭಾರತಕ್ಕೆ ಈ ಗಾಡಿಗಳು ಮೊದಲು ಬಂದುದು ಹೊರದೇಶದ ಸರಕಾಗಿ. ಸ್ವಾತಂತ್ರ್ಯಾನಂತರ ಸರಕಾರವು ಆಮದನ್ನು ಬಿಗಿಗೊಳಿಸಿ ಸ್ವದೇಶದ ತಯಾರಿಕೆಗೆ ಪ್ರೋತ್ಸಾಹವಿತ್ತುದರಿಂದ, ವ್ಯಾಪಾರಸ್ಥರು ಕಾರ್ಖಾನೆಗಳನ್ನು ಕಟ್ಟಲು ಮುಂದಾದರು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಯತ್ನದಿಂದ ಐಡಿಯಲ್ ಜಾವಾ ಎಂಬ ಸಂಸ್ಥೆಯು ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿತವಾಗಿ, 1961ರಲ್ಲಿ ಗಾಡಿಗಳ ತಯಾರಿಕೆಯು ಮೊದಲಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಕಾರ್ಖಾನೆಯನ್ನು ಉದ್ಘಾಟಿಸಿದರು. ಶ್ರೀಗಂಧದ ಎಣ್ಣೆಯ ಕಾರ್ಖಾನೆ, 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇವುಗಳನ್ನು ಕಂಡಿದ್ದ ಊರಿಗೆ ಯಂತ್ರೋದ್ಯಮವು ಅಪರಿಚಿತವಲ್ಲವಾದರೂ, ತನ್ನ ಬೀದಿಗಳಲ್ಲಿ ತಾನೇ ಓಡುವ ವಸ್ತುವೊಂದನ್ನು ಮೈಸೂರು ಈ ಪ್ರಮಾಣದಲ್ಲಿ ತಯಾರಿಸಿದುದು ಆಗಲೇ. ಸುಮಾರು 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದು ಬದಲಾಯಿತು. ಇರಾನು ದೇಶದ ಯಜ್ದ್ ನಗರದ ನೆನಪು ಈ ಹೆಸರಿನಲ್ಲಿದೆ. 1978ರಲ್ಲಿ ರೋಡ್ ಕಿಂಗ್ ಎಂಬ ಪ್ರಸಿದ್ಧ ಮಾದರಿಯು ಹೊರಬಂದಿತು. ಹೀಗೆ ಪ್ರಾಗ್ ನಗರದ ರಚನೆ, ಪಾರಸಿಕ ದೇಶದ ಹೆಸರು, ಮೈಸೂರಿನ ಕೈಕೆಲಸ ಈ ಮೂರೂ ಒಂದೇ ಗಾಡಿಯಲ್ಲಿ ಸೇರಿದುವು.

ಈ ಗಾಡಿಯ ಸ್ವಭಾವವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. 250ರ ಮಾದರಿಯಲ್ಲಿ ಇರುವುದು ಒಂದೇ ಸಿಲಿಂಡರು. ಅದರ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಚಲನೆ 75 ಮಿಲಿಮೀಟರು. ಆದರೆ ಹೊಗೆ ಹೊರಡುವ ದಾರಿಗಳು ಎರಡಾದುದರಿಂದ ಎಡಬಲಗಳಲ್ಲಿ ಎರಡು ಸೈಲೆನ್ಸರುಗಳಿವೆ. ಇದನ್ನು ಕಂಡು ಸಿಲಿಂಡರುಗಳೂ ಎರಡೆಂದು ಭ್ರಮಿಸುವವರುಂಟು. ಗಾಡಿಯನ್ನು ಚಾಲೂ ಮಾಡುವ ಕಿಕ್ಕಿನ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಬೇರೆ ಬೇರೆಯಲ್ಲ. ಒಂದೇ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕಾಗುವುದು. ಕಾಲಿನಿಂದ ಗೇರನ್ನು ಬದಲಿಸುವಾಗ ಕ್ಲಚ್ಚು ತಾನಾಗಿ ಸಡಿಲುವ ಏರ್ಪಾಡೂ ಉಂಟು. ಇತರ ಗಾಡಿಗಳನ್ನು ಬಿಟ್ಟು ಅಭ್ಯಾಸವಾದವನು ಇವುಗಳನ್ನು ಮೊದಲು ಕಲಿಯಬೇಕು. ಇಲ್ಲವಾದರೆ ರಚನೆಯ ವೈಶಿಷ್ಟ್ಯವನ್ನೇ ದೋಷವೆಂದು ತಿಳಿಯುವನು.

ಇವೆಲ್ಲಕ್ಕಿಂತ ಮುಖ್ಯವಾದುದು ಎಣ್ಣೆಯ ವಿಚಾರ. ಈ ವರ್ಗದ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಬೇಕಾದ ಎಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಹೋಗತಕ್ಕುದು. ಇಪ್ಪತ್ತೈದು ಭಾಗ ಪೆಟ್ರೋಲಿಗೆ ಒಂದು ಭಾಗ ಎಣ್ಣೆ, ಎಂದರೆ ಒಂದು ಲೀಟರಿಗೆ 40 ಮಿಲಿಲೀಟರು, ಎಂಬುದು ಹಿಂದಿನಿಂದ ನಡೆದುಬಂದ ಪ್ರಮಾಣ. ಹೊಸದಾಗಿ ಬೋರು ಮಾಡಿಸಿದ ಎಂಜಿನ್ನಿಗೆ ಇಪ್ಪತ್ತಕ್ಕೆ ಒಂದು. ಎಣ್ಣೆಯನ್ನು ಪ್ರತ್ಯೇಕವಾಗಿ ಒದಗಿಸುವ ಪಂಪುಳ್ಳ ಆಯಿಲ್ ಕಿಂಗ್ ಎಂಬ ಮಾದರಿಯೂ ಇದ್ದಿತಾದರೂ, ಬಹುಪಾಲು ಗಾಡಿಗಳಲ್ಲಿ ಅಳತೆಯು ಸವಾರನ ಕೈಯಲ್ಲಿಯೇ ಇತ್ತು. ಅವನು ಒಂದು ಸಲ ಮರೆತು ಬರಿಯ ಪೆಟ್ರೋಲನ್ನು ಹಾಕಿಸಿದರೆ ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಓಡುತ್ತಿರುವ ಗಾಡಿಯ ಹಿಂದಿನ ಚಕ್ರವು ಒಮ್ಮೆಲೆ ನಿಂತು ಸವಾರನು ನೆಲಕ್ಕೆ ಬೀಳುವನು. ಚಾಮುಂಡಿಬೆಟ್ಟದಂತಹ ಇಳಿಜಾರಿನಲ್ಲಿ ಗೇರಿನಲ್ಲಿಯೇ ವೇಗವಾಗಿ, ಪೆಟ್ರೋಲಿನ ಹಿಡಿಯನ್ನು ಪೂರ್ತಿ ಮುಚ್ಚಿ ಬಹುದೂರ ಇಳಿದರೂ ಇದೇ ಅಪಾಯವುಂಟು. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು. ಎಂಜಿನ್ನಾದರೋ ತಿರುಗುತ್ತಲೇ ಇರುವುದು. ಆದುದರಿಂದ ಅನುಭವಿಗಳು ಇಳಿಯುವಾಗ ನಡುನಡುವೆ ಹಿಡಿಯನ್ನು ಸ್ವಲ್ಪ ತೆರೆದು ಎಂಜಿನ್ನಿಗೆ ಎಣ್ಣೆಯುಣಿಸುವರು.

ಇಂತಹ ನಿತ್ಯದ ಎಚ್ಚರಿಕೆಯನ್ನು ಬೇಡುವ ಗಾಡಿಗೆ 1980ರ ಅನಂತರ ಪ್ರಬಲವಾದ ಪ್ರತಿಸ್ಪರ್ಧಿಗಳು ಬಂದರು. 1984-85ರಲ್ಲಿ ಜಪಾನಿನ ಸಂಸ್ಥೆಗಳ ಸಹಯೋಗದಿಂದ 100 ಸಿ.ಸಿ.ಯ ಹಗುರವಾದ ಗಾಡಿಗಳು ಭಾರತದಲ್ಲಿ ತಯಾರಾಗತೊಡಗಿದುವು. ಅವುಗಳಲ್ಲಿ ಹೀರೋ ಹೋಂಡಾ ಸಿ.ಡಿ. 100 ಎಂಬುದು ಫೋರ್ ಸ್ಟ್ರೋಕ್ ವರ್ಗದ್ದು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುವ ಗೋಜಿಲ್ಲ, ಒಂದು ಲೀಟರಿಗೆ ಓಡುವ ದೂರವೂ ಬಹಳ ಹೆಚ್ಚು. ಪೆಟ್ರೋಲನ್ನು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿರಿ ಎಂಬುದೇ ಅದರ ಜಾಹೀರಾತಿನ ತಾತ್ಪರ್ಯವಾಗಿತ್ತು. ಎರಡು ಕಾಲಗಳ ಭೇದವು ಈ ಒಂದು ಮಾತಿನಲ್ಲಿ ಅಡಗಿದೆ. ಜಾವಾ ಗಾಡಿಯು ಒಡೆಯನ ನೆನಪನ್ನು ನಂಬಿ ಓಡಿತು. ಹೊಸ ಗಾಡಿಯು ಅವನ ಮರೆವನ್ನು ಸಹಿಸಿತು. ಹೊಗೆಯ ವಿಷಯದ ಕಾನೂನುಗಳೂ ಬಿಗಿಯಾಗುತ್ತ ಬಂದುವು. ಕಡೆಗೆ 1996ರಲ್ಲಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಿಕೆಯು ನಿಂತಿತು.

ಕಾರ್ಖಾನೆಯು ನಿಂತ ಮೇಲೆ ಅದರ ಗಾಡಿಗಳೂ ಕೆಲವೇ ವರ್ಷಗಳಲ್ಲಿ ಮಾಯವಾಗಬೇಕಾಗಿತ್ತು. ಹಾಗಾಗಲಿಲ್ಲ. ಇದಕ್ಕೆ ಕಾರಣ ಎರಡು. ಗಾಡಿಯ ರಚನೆಯು ಸರಳವಾದುದರಿಂದ ಬೀದಿಬದಿಯ ಗ್ಯಾರೇಜಿನ ಮೇಸ್ತ್ರಿಗೂ ಅದು ಅಧೀನವಾಗಿತ್ತು. ಎರಡನೆಯದಾಗಿ, ಮೂವತ್ತೈದು ವರ್ಷಗಳ ಕಾಲ ಆ ಗಾಡಿಯೇ ತನ್ನ ಒಡೆಯರಿಗೆ ಎಣ್ಣೆಯ ಅಳತೆಯನ್ನೂ ಪ್ಲಗ್ಗಿನ ಬಣ್ಣವನ್ನೂ ಪಾಯಿಂಟಿನ ಅಂತರವನ್ನೂ ಕಲಿಸಿಕೊಟ್ಟಿತ್ತು. ಕಾರ್ಖಾನೆಯಲ್ಲಿದ್ದ ವಿದ್ಯೆಯು ಹೀಗೆ ಮೊದಲೇ ಊರಲ್ಲಿ ಹರಡಿತ್ತು. ಈಗಲೂ ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳ ಅಭಿಮಾನಿಗಳು ಅನೇಕ ಊರುಗಳಲ್ಲಿ ಸೇರಿ ಸವಾರಿ ಹೊರಡುವ ಪದ್ಧತಿಯುಂಟು. ಜಾವಾ ಎಂಬ ಹೆಸರಿನಲ್ಲಿ 2018ರಲ್ಲಿಯೂ ಯೆಜ್ಡಿ ಎಂಬ ಹೆಸರಿನಲ್ಲಿ 2022ರಲ್ಲಿಯೂ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದುವು. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಮೈಸೂರಿನಲ್ಲಿ ತಯಾರಾದವೂ ಅಲ್ಲ. ಹೆಸರನ್ನು ನಂಬಿ ಅವುಗಳ ಎಂಜಿನ್ನಿನ ಭಾಗಗಳನ್ನು ಹಳೆಯ ಗಾಡಿಗೆ ಹುಡುಕುವುದು ವ್ಯರ್ಥ.

ಇನ್ನು ಹಳೆಯ ಗಾಡಿಯನ್ನು ಕೊಳ್ಳುವವನ ಪರೀಕ್ಷೆಯ ಕ್ರಮ. ಶಾಸನಪರೀಕ್ಷಕನು ಮೊದಲು ಲಿಪಿಯನ್ನು ನೋಡುವಂತೆ ಇವನು ಮೊದಲು ಅಂಕೆಗಳನ್ನು ನೋಡಬೇಕು. ಚೌಕಟ್ಟಿನ ಮೇಲೆ ಒತ್ತಿದ ಸಂಖ್ಯೆಯೂ ಎಂಜಿನ್ನಿನ ಮೇಲಿನ ಸಂಖ್ಯೆಯೂ ನೋಂದಣಿ ಪತ್ರದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಅರದಿಂದ ಉಜ್ಜಿದ ಅಥವಾ ಮತ್ತೆ ಒತ್ತಿದ ಗುರುತು ಕಂಡರೆ, ಗಾಡಿಯು ಎಷ್ಟು ಅಂದವಾಗಿದ್ದರೂ ಅದನ್ನು ಬಿಡುವುದೇ ಲೇಸು. 1988ರ ಮೋಟಾರು ವಾಹನ ಕಾನೂನಿನಂತೆ ಸ್ವಂತ ಬಳಕೆಯ ಗಾಡಿಯ ನೋಂದಣಿಯು ಹದಿನೈದು ವರ್ಷ ನಡೆದು, ಆ ಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಕಾರ್ಖಾನೆಯ ಕೊನೆಯ ಗಾಡಿಗೂ ಈ ಅವಧಿಯು ಎಂದೋ ಮುಗಿದಿದೆ. ಆದುದರಿಂದ ನವೀಕರಣವಾಗಿದೆಯೇ ಎಂದು ಕೇಳಿ ತಿಳಿಯಬೇಕು. ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಲ್ಲಿ ಮಾರುವವನ ಸಹಿಯನ್ನು ಹಣ ಕೊಡುವ ವೇಳೆಯಲ್ಲಿಯೇ ಪಡೆಯತಕ್ಕುದು. ಹಿಂದಿನ ಒಡೆಯರು ವರ್ಗಾವಣೆ ಮಾಡಿಸದೆ ಕೈಯಿಂದ ಕೈಗೆ ದಾಟಿಸಿದ ಗಾಡಿಗಳು ಅನೇಕ. ಅವುಗಳ ಮೂಲ ಒಡೆಯನನ್ನು ಅನಂತರ ಹುಡುಕುವುದು ಬಹು ಕಷ್ಟ.

ಎರಡನೆಯದು ಎಂಜಿನ್ನು. ಗಾಡಿಯನ್ನು ನೋಡಲು ಹೋದಾಗ ಮೊದಲು ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಬೇಕು. ಅದು ಬೆಚ್ಚಗಿದ್ದರೆ, ತಣ್ಣಗಿರುವಾಗ ಚಾಲೂ ಆಗದ ದೋಷವನ್ನು ಮರೆಮಾಡಲು ಮೊದಲೇ ಓಡಿಸಿರಬಹುದು. ಆಗ ಆರುವ ತನಕ ಕಾಯತಕ್ಕುದು. ಕಿಕ್ಕಿನ ಸನ್ನೆಯನ್ನು ಕೈಯಿಂದ ನಿಧಾನವಾಗಿ ಒತ್ತಿದರೆ ಒಂದು ಹಂತದಲ್ಲಿ ಗಟ್ಟಿಯಾದ ತಡೆ ಸಿಕ್ಕಬೇಕು. ತಡೆಯಿಲ್ಲದೆ ಸಲೀಸಾಗಿ ಇಳಿದರೆ ಪಿಸ್ಟನ್ನು, ಅದರ ಬಳೆಗಳು ಸವೆದಿವೆಯೆಂದು ತಿಳಿಯಬೇಕು. ಚಾಲೂ ಆದೊಡನೆ ಸ್ವಲ್ಪ ನೀಲಿ ಹೊಗೆ ಬರುವುದು ಈ ವರ್ಗಕ್ಕೆ ಸಹಜ. ಆದರೆ ಎಂಜಿನ್ನು ಕಾದ ಮೇಲೆಯೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಗೇರುಪೆಟ್ಟಿಗೆಯಲ್ಲಿ ಎಣ್ಣೆಯ ಮಟ್ಟವನ್ನು ನೋಡಬೇಕು. ಅದು ಇಳಿದಿದ್ದರೆ ಕ್ರ್ಯಾಂಕಿನ ಸೀಲು ಕೆಟ್ಟು ಆ ಎಣ್ಣೆಯು ಎಂಜಿನ್ನಿನೊಳಕ್ಕೆ ಎಳೆಯಲ್ಪಡುತ್ತಿದೆ. ತಳದಿಂದ ಗುದ್ದಿನಂತಹ ದಪ್ಪ ಸದ್ದು ಬಂದರೆ ಕ್ರ್ಯಾಂಕಿನ ದೊಡ್ಡ ಬೇರಿಂಗಿಗೆ ಅಂತ್ಯಕಾಲ ಸಮೀಪಿಸಿದೆ. ಇದಕ್ಕೆ ಎಂಜಿನ್ನನ್ನು ಪೂರ್ತಿ ಬಿಚ್ಚಬೇಕಾದುದರಿಂದ ಕ್ರಯವನ್ನು ನಿರ್ಣಯಿಸುವ ಮುನ್ನವೇ ಅರಿತಿರುವುದು ಒಳ್ಳೆಯದು.

ಮೂರನೆಯದು, ಹೊಸ ಸವಾರನ ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದುದು: ಚಕ್ರ, ಬ್ರೇಕು, ಹ್ಯಾಂಡಲು. ಗಾಡಿಯನ್ನು ನಿಲುವಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲನ್ನು ಅತ್ತಿತ್ತ ಮೆಲ್ಲನೆ ತಿರುಗಿಸಬೇಕು. ನೇರವಾಗಿರುವ ಸ್ಥಾನದಲ್ಲಿ ಎಲ್ಲಿಯೋ ಸಿಕ್ಕಿದಂತೆ ತಡೆದರೆ ಅಲ್ಲಿಯ ಗುಂಡುಗಳು ಕೂರುವ ದಾರಿಯಲ್ಲಿ ಗುಳಿ ಬಿದ್ದಿದೆ. ಹಿಂದಿನ ಚಕ್ರವನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಸಡಿಲು ಕಂಡರೆ ತೋಳಿನ ಬುಷ್ಷುಗಳು ಸವೆದಿವೆ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿದರೆ ಬಿಗಿಯಾದ ಕಡ್ಡಿಯು ನಾದವನ್ನು ಕೊಡುವುದು, ಸಡಿಲವಾದುದು ಮಂಕಾಗಿ ನುಡಿಯುವುದು. ಟಯರಿನ ಪಟ್ಟೆಗಳು ಆಳವಾಗಿದ್ದ ಮಾತ್ರಕ್ಕೆ ಮೋಸಹೋಗಬಾರದು; ಓಡದೆ ನಿಂತ ಗಾಡಿಯ ರಬ್ಬರು ಪಟ್ಟೆ ಸವೆಯದೆಯೇ ಮುಪ್ಪಾಗುವುದು. ಅದರ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುವುವು. ಬ್ರೇಕುಗಳು ಡ್ರಮ್ಮಿನ ಮಾದರಿಯವು. ಈ ಎಂಜಿನ್ನು ಇಳಿಜಾರಿನಲ್ಲಿ ತಾನಾಗಿ ವೇಗವನ್ನು ತಡೆಯುವುದು ಅಲ್ಪವಾದುದರಿಂದ ಅವುಗಳ ಮೇಲೆಯೇ ಭಾರವೆಲ್ಲ ಬೀಳುವುದು. ಹಿಂದಿನ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿರುವುದರಿಂದ ಧೂಳಿನಿಂದ ರಕ್ಷಿತವಾಗಿದೆ. ಆದರೆ ಕಣ್ಣಿಗೆ ಬೀಳದುದು ಮನಸ್ಸಿನಿಂದಲೂ ಮರೆಯಾಗುವುದರಿಂದ, ವರ್ಷಗಳ ಕಾಲ ಅದಕ್ಕೆ ಎಣ್ಣೆ ಕಾಣಿಸದ ಒಡೆಯರೂ ಉಂಟು. ಅದನ್ನು ತೆರೆದು ನೋಡಿಯೇ ನಂಬಬೇಕು.

ನಾಲ್ಕನೆಯದು ಪೆಟ್ರೋಲಿನ ಟ್ಯಾಂಕು ಮತ್ತು ವಿದ್ಯುತ್ತಿನ ಏರ್ಪಾಡು. ಟ್ಯಾಂಕಿನೊಳಕ್ಕೆ ಬೆಳಕು ಬಿಟ್ಟು ತುಕ್ಕನ್ನು ನೋಡತಕ್ಕುದು. ಇತ್ತೀಚೆಗೆ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲು ಬೆರೆಯುತ್ತಿದೆ. ಅದು ತೇವವನ್ನು ಹೀರುವ ಗುಣವುಳ್ಳದ್ದು. ಆದುದರಿಂದ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಗೊಟ್ಟರೆ ಹಳೆಯ ಟ್ಯಾಂಕಿಗೆ ತುಕ್ಕೂ ಹಳೆಯ ಕಾಲದ ರಬ್ಬರು ಭಾಗಗಳಿಗೆ ಹಾನಿಯೂ ಸಂಭವಿಸುವುದು. ಹಳೆಯ ಮಾದರಿಗಳಲ್ಲಿ ಬ್ಯಾಟರಿಯು 6 ವೋಲ್ಟಿನದು. ದೀಪವು ಮಂದವಾಗಿರುವುದು ಕಾಲಧರ್ಮ, ಆದರೆ ಎಂಜಿನ್ನಿನ ವೇಗದೊಡನೆ ಸ್ವಲ್ಪವೂ ಏರದಿರುವುದು ಡೈನಮೊವಿನ ದೋಷ.

ಕೊಂಡ ಮೇಲಿನ ಪಾಲನೆಯು ಈ ಪರೀಕ್ಷೆಯ ಪುನರಾವೃತ್ತಿಯೇ ಸರಿ. ಹೊರಡುವ ಮುನ್ನ ಪ್ರತಿದಿನವೂ ಬ್ರೇಕು, ಟಯರಿನ ಗಾಳಿ, ದೀಪ ಇವುಗಳನ್ನು ನೋಡುವುದು. ಪೆಟ್ರೋಲು ಹಾಕಿಸುವಾಗ ಪ್ರತಿಸಲವೂ ಎಣ್ಣೆಯನ್ನು ಅಂದಾಜಿನಿಂದಲ್ಲದೆ ಅಳೆದು ಬೆರೆಸುವುದು. ತಿಂಗಳಿಗೊಮ್ಮೆ ಚೈನಿನ ಬಿಗಿಯನ್ನೂ ಗೇರುಪೆಟ್ಟಿಗೆಯ ಎಣ್ಣೆಯನ್ನೂ ಪರೀಕ್ಷಿಸುವುದು. ಪಾಯಿಂಟಿನ ಅಂತರವು 0.4 ಮಿಲಿಮೀಟರಿನಷ್ಟಿದೆಯೇ ಎಂದು ಅಳತೆಯ ತಗಡಿನಿಂದ ನೋಡುವುದು. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಎಂಜಿನ್ನಿನ ಆರೋಗ್ಯವು ನಾಡಿ ಹಿಡಿದಂತೆ ತಿಳಿಯುವುದು. ಕಾಫಿಯ ಕಂದುಬಣ್ಣವು ಕ್ಷೇಮ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಅಥವಾ ಎಣ್ಣೆ ಅಧಿಕ. ಬೂದಿಯಂತೆ ಬೆಳ್ಳಗಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆ, ಗಾಡಿಯನ್ನು ಓಡಿಸಬಾರದು. ಎಣ್ಣೆಯು ಉರಿದು ಸೈಲೆನ್ಸರಿನಲ್ಲಿ ಕಟ್ಟುವ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆಗೆ ದಾರಿಯಿಲ್ಲದೆ ಗಾಡಿಯ ಬಲವು ಕುಗ್ಗುವುದು. ಹೊಸ ಸವಾರರು ಇದನ್ನು ಎಂಜಿನ್ನಿನ ಮುಪ್ಪೆಂದು ತಿಳಿದು ವೃಥಾ ಬೋರು ಮಾಡಿಸುವುದುಂಟು.

ಇಷ್ಟೆಲ್ಲ ಶ್ರಮವೇಕೆ, ಹೊಸ ಗಾಡಿಯನ್ನೇ ಕೊಳ್ಳಬಾರದೇ ಎಂದು ಕೇಳುವವರಿಗೆ ಉತ್ತರವಿಷ್ಟೆ. ಪ್ರಯಾಣವೊಂದೇ ಉದ್ದೇಶವಾದವನು ಹೊಸದನ್ನೇ ಕೊಳ್ಳುವುದು ಯುಕ್ತ. ಅದರಲ್ಲಿ ಹೊಗೆ ಕಡಿಮೆ, ಬ್ರೇಕು ಉತ್ತಮ, ಚಿಂತೆ ಅಲ್ಪ. ಹಳೆಯದನ್ನು ಉಳಿಸಿಕೊಳ್ಳುವೆನೆನ್ನುವವನು ಮಾತ್ರ ಅದರ ಋಣವನ್ನೂ ತೀರಿಸಬೇಕಾಗುವುದು. ಕಾರ್ಖಾನೆಯಿಲ್ಲದ ಗಾಡಿಗೆ ಬಿಡಿಭಾಗಕ್ಕಿಂತಲೂ ದುರ್ಲಭವಾದುದು ಬಲ್ಲವರ ಕೈ. ಸದ್ದನ್ನು ಕೇಳಿಯೇ ಬೇರಿಂಗನ್ನು ಗುರುತಿಸುವ ಮೇಸ್ತ್ರಿಗಳು ವೃದ್ಧರಾಗುತ್ತಿದ್ದಾರೆ. ಅವರ ವಿದ್ಯೆಯು ಪುಸ್ತಕಗಳಲ್ಲಿಲ್ಲ, ಅವರ ಮಕ್ಕಳಲ್ಲಿ ಅನೇಕರು ಬೇರೆ ವೃತ್ತಿಗಳನ್ನು ಹಿಡಿದಿದ್ದಾರೆ. ಒಬ್ಬ ಮೇಸ್ತ್ರಿಯು ಅಂಗಡಿಯನ್ನು ಮುಚ್ಚಿದರೆ ಮೈಸೂರಿನ ಕೈಗಾರಿಕೆಯ ಚರಿತ್ರೆಯಲ್ಲಿ ಒಂದು ಪುಟವು ಅಳಿಸಿಹೋದಂತೆಯೇ.

ಆದುದರಿಂದ ಹೊಸ ಸವಾರನು ಮಾಡತಕ್ಕ ಒಂದು ಸಣ್ಣ ಕೆಲಸವಿದೆ. ಗಾಡಿಯನ್ನು ಕೊಂಡ ದಿನವೇ ಒಂದು ಟಿಪ್ಪಣಿಯ ಪುಸ್ತಕವನ್ನು ತೆರೆದು, ಕೊಂಡಾಗ ಕಂಡ ದೋಷಗಳನ್ನೂ, ಅನಂತರ ಯಾವ ತಾರೀಖಿನಲ್ಲಿ ಯಾವ ಭಾಗವನ್ನು ಬದಲಿಸಲಾಯಿತೆಂಬುದನ್ನೂ, ಮೇಸ್ತ್ರಿಯು ಹೇಳಿದ ಕಾರಣವನ್ನೂ ಅದರಲ್ಲಿ ಬರೆಯುತ್ತ ಹೋಗಬೇಕು. ಮುಂದೆ ಗಾಡಿಯು ಇನ್ನೊಬ್ಬರ ಕೈ ಸೇರುವಾಗ ನೋಂದಣಿ ಪತ್ರದೊಡನೆ ಆ ಪುಸ್ತಕವನ್ನೂ ಕೊಟ್ಟರೆ, ಆ ಹೊಸಬನು ಕತ್ತಲಲ್ಲಿ ತಡಕಬೇಕಾಗುವುದಿಲ್ಲ.